ಪೆಡಲ್ ಒತ್ತಲು ಯಾರೂ ಇಲ್ಲದಾಗ

ಪ್ರಶ್ನೆ: ನಾನು ಬನಹಟ್ಟಿಯವನು. ಮನೆಯಲ್ಲಿ ಪವರ್‌ಲೂಮ್ ಇವೆ, ಅವುಗಳ ರಿಪೇರಿ ಬಹುತೇಕ ನಾನೇ ಮಾಡಿಕೊಳ್ಳುತ್ತೇನೆ. ಹಳೆಯ ಮಾರುತಿ 800 ಒಂದಿದೆ, ಅದರ ಸಣ್ಣಪುಟ್ಟ ಕೆಲಸವೂ ನನ್ನದೇ. ಮೊದಲು ಮಗ ಜೊತೆಗಿರುತ್ತಿದ್ದ, ಈಗ ಅವನು ಪುಣೆಯಲ್ಲಿ ನೌಕರಿಗಿದ್ದಾನೆ. ಬ್ರೇಕಿನ ಏರ್ ತೆಗೆಯಬೇಕೆಂದರೆ ಒಬ್ಬರು ಒಳಗೆ ಕುಳಿತು ಪೆಡಲ್ ಒತ್ತಬೇಕು, ಇನ್ನೊಬ್ಬರು ಗಾಲಿಯ ಹತ್ತಿರ ಇರಬೇಕು. ಮನೆಯವರನ್ನು ಕರೆದರೆ ರೊಟ್ಟಿ ಬಡಿಯುವುದು ಬಿಟ್ಟು ಬರಬೇಕು. ಬಂದರೂ ‘ಒತ್ತು’ ಅಂದಾಗ ಬಿಡುತ್ತಾರೆ, ‘ಬಿಡು’ ಅಂದಾಗ ಒತ್ತುತ್ತಾರೆ. ಇಂಥ ಕೆಲಸಗಳನ್ನು ಒಬ್ಬನೇ ಮಾಡಿಕೊಳ್ಳುವ ದಾರಿ ಇದೆಯೇ?

ಉತ್ತರ: ದಾರಿ ಇದೆ. ಪೆಡಲ್ ವಿಷಯದಲ್ಲಿ ಮಾತ್ರ ಮನೆಯವರ ಮೇಲೆ ತಪ್ಪು ಹೊರಿಸಬೇಡಿ. ಕಾರಿನ ಕೆಳಗಿನಿಂದ ಬರುವ ಕೂಗು, ಅದರ ಮೇಲೆ ಓಣಿಯ ಮಗ್ಗಗಳ ಖಟಖಟ. ಗ್ಯಾರೇಜಿನಲ್ಲಿ ಪಳಗಿದ ಹೆಲ್ಪರನಿಗೂ ಆ ಸದ್ದಿನಲ್ಲಿ ‘ಒತ್ತು’ ಯಾವುದು, ‘ಬಿಡು’ ಯಾವುದು ತಿಳಿಯಲಿಕ್ಕಿಲ್ಲ.

ಹಿಂದೆ ಯಾವ ಗ್ಯಾರೇಜಿಗೆ ಹೋದರೂ ಪಾನಾ ಕೊಡಲು, ಪೆಡಲ್ ಒತ್ತಲು ಒಬ್ಬ ಸಣ್ಣ ಹುಡುಗ ಇರುತ್ತಿದ್ದ. 14 ವರ್ಷದೊಳಗಿನವರನ್ನು ಇಂಥ ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ ಎಂದು 2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿಯಾಯಿತು. ಆ ಹುಡುಗ ಶಾಲೆಯಲ್ಲಿದ್ದರೆ ಅದಕ್ಕಿಂತ ಒಳ್ಳೆಯದೇನಿದೆ? ಈಗ ಎಷ್ಟೋ ಮಿಸ್ತ್ರಿಗಳೂ ನಿಮ್ಮ ಹಾಗೆ ಒಂಟಿಯಾಗಿಯೇ ದುಡಿಯುತ್ತಾರೆ. ಕೆಳಗೆ ಹೇಳುವ ಉಪಾಯಗಳಲ್ಲಿ ಅರ್ಧಕ್ಕರ್ಧ ಅಂಥವರ ಕೈಯಲ್ಲೇ ಹುಟ್ಟಿದವು.

ಒಬ್ಬರೇ ಕೈಹಾಕುವ ಮೊದಲು ಕೇಳಿಕೊಳ್ಳಬೇಕಾದದ್ದು ಇಷ್ಟೆ: ಈ ಕೆಲಸದಲ್ಲಿ ಎರಡನೆಯವರು ನಿಜಕ್ಕೂ ಏನು ಮಾಡುತ್ತಿದ್ದರು? ಹೆಚ್ಚಿನ ಸಲ ಅವರು ಶಕ್ತಿ ಹಾಕುತ್ತಿರುವುದೇ ಇಲ್ಲ. ಎಲ್ಲೋ ಒಂದು ಕಡೆ ಸುಮ್ಮನೆ ಹಿಡಿದುಕೊಂಡಿರುತ್ತಾರೆ, ಇಲ್ಲವೇ ನಮ್ಮ ಕಣ್ಣು ಹೋಗದ ಕಡೆ ನೋಡಿ ಹೇಳುತ್ತಾರೆ. ಹಿಡಿಯುವುದಕ್ಕೆ ಕಟ್ಟಿಗೆ, ಹಗ್ಗ, ಇನ್ನೊಂದು ಪಾನಾ ಸಾಕು. ನೋಡುವುದಕ್ಕೆ ಕನ್ನಡಿ, ಮೊಬೈಲು ಸಾಕು. ಮೂರನೆಯ ಕೆಲಸವೊಂದಿದೆ: ನಾವು ಕೆಳಗೆ ಸಿಕ್ಕಿಕೊಂಡರೆ ಓಡಿಬಂದು ಎತ್ತುವುದು. ಅದನ್ನು ಯಾವ ಸಾಮಾನೂ ಮಾಡಲಾರದು. ಅದರ ಮಾತು ಮುಂದೆ ಬರುತ್ತದೆ.

ಮೊದಲು ನಿಮ್ಮ ಬ್ರೇಕು. ಪೈಪಿನಲ್ಲಿ ಗಾಳಿ ಸೇರಿದರೆ ಪೆಡಲ್ ಮೆತ್ತಗಾಗುತ್ತದೆ. ಎಣ್ಣೆ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಕಾಲಿನ ಒತ್ತಡವೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಕಳೆದು, ಗಾಲಿಗೆ ಮುಟ್ಟುವುದು ಅಷ್ಟಕ್ಕಷ್ಟೆ. ಆದರೆ ಪೆಡಲ್ ಕೆಳಗೆ ಹೋಯಿತೆಂದರೆ ಗಾಳಿಯೇ ಇರಬೇಕೆಂದೇನಿಲ್ಲ. ಎರಡು ಮೂರು ಸಲ ಪಂಪ್ ಹೊಡೆದಾಗ ಪೆಡಲ್ ಮೇಲೆ ಬಂದು ಗಟ್ಟಿಯಾಗಿ ನಿಂತರೆ ಹಿಂದಿನ ಡ್ರಮ್ಮಿನ ಶೂಗಳು ಸವೆದು ದೂರ ನಿಂತಿರಬಹುದು. ಮೇಲೆ ಬಂದರೂ ಮೆತ್ತಗೇ ಇದ್ದರೆ ಗಾಳಿ. ಒತ್ತಿ ಹಿಡಿದಾಗ ಸಾವಕಾಶ ಕೆಳಗಿಳಿಯುತ್ತ ಹೋದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರು ಹೋಗಿದೆ. ಈ ಕೊನೆಯದಕ್ಕೆ ಏರ್ ತೆಗೆಯುತ್ತ ಕುಳಿತರೆ ಎಣ್ಣೆಯೂ ದಂಡ, ದಿನವೂ ದಂಡ.

ಇಬ್ಬರ ಪದ್ಧತಿ ನಿಮಗೆ ಗೊತ್ತೇ ಇದೆ. ಒಬ್ಬರು ಪಂಪ್ ಹೊಡೆದು ಒತ್ತಿ ಹಿಡಿಯುತ್ತಾರೆ, ಇನ್ನೊಬ್ಬರು ನಿಪ್ಪಲ್ ಸಡಿಲಿಸಿ ಗಾಳಿ ಹೊರಬಿಟ್ಟು ಬಿಗಿಯುತ್ತಾರೆ, ಆಮೇಲೆ ಪೆಡಲ್ ಬಿಡುತ್ತಾರೆ. ಇಲ್ಲಿ ಎರಡನೆಯವರು ಬೇಕಾಗುವುದು ಒಂದೇ ಕಾರಣಕ್ಕೆ. ನಿಪ್ಪಲ್ ತೆರೆದಿರುವಾಗ ಪೆಡಲ್ ಮೇಲೆ ಬಂದರೆ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಎಳೆದುಕೊಳ್ಳಲು ಅಲ್ಲಿ ಗಾಳಿಯೇ ಸಿಗದಂತೆ ಮಾಡಿದರೆ ಇನ್ನೊಬ್ಬರ ಹಂಗಿಲ್ಲ.

ಗವಂಡಿಗಳು ಲೆವೆಲ್ ನೋಡಲು ಹಿಡಿಯುವ ಪಾರದರ್ಶಕ ಪೈಪು ನೋಡಿದ್ದೀರಲ್ಲ, ಅದೇ ಜಾತಿಯ ತೆಳುವಾದ ನಳಿಕೆ ಎರಡು ಮೂರು ಅಡಿ ತನ್ನಿ. ನಿಪ್ಪಲ್ಲಿನ ಮೇಲೆ ಬಿಗಿಯಾಗಿ ಕೂರುವಂತಿರಬೇಕು. ಮೊದಲು ರಿಂಗ್ ಪಾನಾವನ್ನು ನಿಪ್ಪಲ್ಲಿಗೆ ಹಾಕಿ, ಆಮೇಲೆ ಅದರ ಮೇಲಿನಿಂದ ನಳಿಕೆ ಸಿಕ್ಕಿಸಬೇಕು. ಈ ಕ್ರಮ ಮರೆತರೆ ನಳಿಕೆ ಮತ್ತೆ ಕಿತ್ತು ಕೈಯೆಲ್ಲ ಎಣ್ಣೆ. ನಳಿಕೆಯ ಇನ್ನೊಂದು ತುದಿ ಪಾರದರ್ಶಕ ಬಾಟಲಿಯೊಳಗೆ, ಹೊಸ ಬ್ರೇಕ್ ಆಯಿಲಿನಲ್ಲಿ ಒಂದೆರಡು ಅಂಗುಲ ಮುಳುಗಿರಲಿ. ಬಾಟಲಿಯನ್ನು ನೆಲಕ್ಕೆ ಇಡಬೇಡಿ, ನಿಪ್ಪಲ್ಲಿಗಿಂತ ಎತ್ತರದಲ್ಲಿ ತಂತಿಯಿಂದ ತೂಗುಹಾಕಿ. ಗುಳ್ಳೆ ಯಾವಾಗಲೂ ಮೇಲಕ್ಕೇ ಏರುತ್ತದೆ, ನಳಿಕೆ ನಿಪ್ಪಲ್ಲಿನಿಂದ ನೇರ ಮೇಲಕ್ಕೆ ಹೋಗಿದ್ದರೆ ಹೊರಬಂದ ಗುಳ್ಳೆ ತಿರುಗಿ ಒಳಗೆ ಬರುವುದಿಲ್ಲ. ಇನ್ನು ನಿಪ್ಪಲ್ಲನ್ನು ಕಾಲು ಸುತ್ತು ಸಡಿಲಿಸಿ, ಒಳಗೆ ಹೋಗಿ ಕುಳಿತು, ಪೆಡಲ್ಲನ್ನು ಸಾವಕಾಶ ಒತ್ತಿ, ಅದಕ್ಕಿಂತ ಸಾವಕಾಶ ಬಿಡಿ. ಪೆಡಲ್ ಮೇಲೆ ಬರುವಾಗ ಒಳಗೆ ಎಳೆಯುವುದು ಬಾಟಲಿಯ ಎಣ್ಣೆಯನ್ನು, ಗಾಳಿಯನ್ನಲ್ಲ. ಐದಾರು ಸಲ ಆದ ಮೇಲೆ ಇಳಿದು ಎರಡು ಕಡೆ ನೋಡಿ: ನಳಿಕೆಯಲ್ಲಿ ಗುಳ್ಳೆ ಇದೆಯೇ, ಬಾನೆಟ್ಟಿನ ಕೆಳಗಿನ ಆಯಿಲ್ ಡಬ್ಬಿಯಲ್ಲಿ ಮಟ್ಟ ಎಷ್ಟಿದೆ. ಡಬ್ಬಿ ಖಾಲಿಯಾಗಿ ಮಾಸ್ಟರ್ ಸಿಲಿಂಡರಿಗೇ ಗಾಳಿ ಹೊಕ್ಕರೆ ಇಡೀ ಕೆಲಸ ಮೊದಲಿಂದ. ಒಬ್ಬರೇ ಮಾಡುವಾಗ ಎಡವುವುದು ಹೆಚ್ಚಾಗಿ ಇಲ್ಲಿಯೇ, ಡಬ್ಬಿಯ ಹತ್ತಿರ ಯಾರೂ ನಿಂತಿರುವುದಿಲ್ಲವಲ್ಲ.

ಒಂದು ಸಂದು ಉಳಿಯುತ್ತದೆ. ಸಡಿಲವಾದ ನಿಪ್ಪಲ್ಲಿನ ಆಟೆಗಳ ನಡುವಿನಿಂದಲೂ ಗಾಳಿ ನುಸುಳಬಹುದು. ಆಗ ನಳಿಕೆಯಲ್ಲಿ ಸಣ್ಣ ಸಣ್ಣ ಗುಳ್ಳೆ ಕೊನೆಯಿಲ್ಲದೆ ಬರುತ್ತಲೇ ಇರುತ್ತದೆ, ಒಳಗೆ ಇನ್ನೂ ಗಾಳಿ ಇದೆಯೆಂದು ನಾವು ಒತ್ತುತ್ತಲೇ ಇರುತ್ತೇವೆ. ನಿಪ್ಪಲ್ಲಿನ ಬುಡದ ಸುತ್ತ ಹೊರಗಿನಿಂದ ಗ್ರೀಸ್ ಮೆತ್ತಿದರೆ ಆ ದಾರಿ ಮುಚ್ಚುತ್ತದೆ. ಒಳಗೊಂದು ಸಣ್ಣ ಗುಂಡು, ಸ್ಪ್ರಿಂಗ್ ಇಟ್ಟು ಹೊರಕ್ಕೆ ಮಾತ್ರ ಬಿಡುವಂತೆ ಮಾಡಿದ ನಿಪ್ಪಲ್ಲುಗಳೂ ಸಿಗುತ್ತವೆ, ಕೈಯಿಂದ ಹೀರುವ ವ್ಯಾಕ್ಯೂಮ್ ಪಂಪೂ ಸಿಗುತ್ತದೆ. ಕೊಂಡರೆ ಅನುಕೂಲ, ಕೊಳ್ಳದಿದ್ದರೂ ಬಾಟಲಿ ಸಾಕು. ಅಂದಹಾಗೆ, ಕಾರು ತಯಾರಾಗುವ ಕಾರ್ಖಾನೆಯಲ್ಲಿ ಯಾರೂ ಪೆಡಲ್ ಒತ್ತುತ್ತ ಕೂರುವುದಿಲ್ಲ. ಪೈಪಿನೊಳಗಿನ ಗಾಳಿಯನ್ನು ಯಂತ್ರದಿಂದ ಹೀರಿ ತೆಗೆದು, ಆ ಖಾಲಿಯೊಳಕ್ಕೆ ಎಣ್ಣೆ ಬಿಡುತ್ತಾರೆ.

ಏನೂ ಅವಸರವಿಲ್ಲದಿದ್ದರೆ ಪೆಡಲ್ ಮುಟ್ಟುವುದೇ ಬೇಡ. ಡಬ್ಬಿಯ ಮುಚ್ಚಳ ಸಡಿಲಿಸಿ, ನಳಿಕೆ ಹಾಕಿ, ನಿಪ್ಪಲ್ ತೆರೆದು ಬಿಟ್ಟರೆ ಎಣ್ಣೆ ತನ್ನ ಭಾರಕ್ಕೆ ತಾನೇ ಹನಿಹನಿಯಾಗಿ ಇಳಿಯುತ್ತ ಗಾಳಿಯನ್ನೂ ತಳ್ಳಿಕೊಂಡು ಬರುತ್ತದೆ. ಇದಕ್ಕೆ ಬಾಟಲಿ ಕೆಳಗೇ ಇರಬೇಕು. ಗಾಲಿಗೆ ಹತ್ತಿಪ್ಪತ್ತು ನಿಮಿಷ ಹಿಡಿಯಬಹುದು, ಮೊಂಡು ಗುಳ್ಳೆಗಳು ಜಗ್ಗಲಿಕ್ಕಿಲ್ಲ. ಹಳೆಯ ಎಣ್ಣೆ ಬದಲಿಸುವುದಷ್ಟೇ ಕೆಲಸವಾದರೆ ಇದರಷ್ಟು ಸುಲಭದ್ದು ಇನ್ನೊಂದಿಲ್ಲ.

ಹಳೆಯ ಕಾರಿಗೊಂದು ವಿಶೇಷ ಎಚ್ಚರಿಕೆ. ದಿನನಿತ್ಯ ಬ್ರೇಕ್ ಹಾಕುವಾಗ ಪೆಡಲ್ ಪೂರ್ತಿ ಕೆಳಗೆ ಹೋಗುವುದಿಲ್ಲ. ಹಾಗಾಗಿ ಮಾಸ್ಟರ್ ಸಿಲಿಂಡರಿನ ಆ ಕೊನೆಯ ಭಾಗದಲ್ಲಿ ತುಕ್ಕು, ಗಸಿ ಕುಳಿತಿರುತ್ತದೆ. ಏರ್ ತೆಗೆಯುವಾಗ ನೆಲ ಮುಟ್ಟುವ ತನಕ ತುಳಿದರೆ ರಬ್ಬರು ಆ ತುಕ್ಕಿನ ಮೇಲೆ ಉಜ್ಜಿ ಹರಿಯುತ್ತದೆ. ಬ್ರೇಕ್ ಸರಿಮಾಡಲು ಹೋಗಿ ಮಾಸ್ಟರ್ ಸಿಲಿಂಡರ್ ಕಿಟ್ ಹಾಕಿಸಿದವರು ಬಹಳ ಮಂದಿ. ಪೆಡಲಿನ ಕೆಳಗೆ ಒಂದು ಕಟ್ಟಿಗೆಯ ತುಂಡು ಇಟ್ಟರೆ ಆ ಗೋಜಿಲ್ಲ.

ಯಾವ ಗಾಲಿಯಿಂದ ಶುರುಮಾಡಬೇಕು? ಮಾಸ್ಟರ್ ಸಿಲಿಂಡರಿನಿಂದ ದೂರದ್ದು ಮೊದಲು ಎಂಬ ವಾಡಿಕೆ ಇದೆ. ನಮ್ಮ ಬಲಗಡೆ ಸ್ಟಿಯರಿಂಗಿನ ಗಾಡಿಗಳಲ್ಲಿ ಅದು ಹಿಂದಿನ ಎಡ ಗಾಲಿ. ಆದರೆ ಪೈಪುಗಳನ್ನು ಅಡ್ಡಡ್ಡ ಹಂಚಿದ ಕಾರುಗಳಲ್ಲಿ ಕ್ರಮ ಬೇರೆ ಇರಬಹುದು, ಗಾಡಿಯ ಸರ್ವಿಸ್ ಪುಸ್ತಕದಲ್ಲಿರುವುದೇ ಪ್ರಮಾಣ. ಎಬಿಎಸ್ ಇರುವ ಗಾಡಿಯಲ್ಲಿ ಆ ಯಂತ್ರದೊಳಗೆ ಗಾಳಿ ಹೊಕ್ಕರೆ ಕಂಪ್ಯೂಟರ್ ಹಚ್ಚಿಯೇ ತೆಗೆಯಬೇಕಾಗುತ್ತದೆ. 2019ರ ಏಪ್ರಿಲ್ ನಂತರ ಬಂದ ಹೊಸ ಕಾರುಗಳಲ್ಲೆಲ್ಲ ಎಬಿಎಸ್ ಇದೆ. ನಿಮ್ಮ 800ಕ್ಕೆ ಆ ಕಾಟವಿಲ್ಲ. 2014ರಲ್ಲೇ ತಯಾರಿ ನಿಂತ ಗಾಡಿಯಲ್ಲಿ ಪಾನಾಕ್ಕೆ ಬಗ್ಗದ್ದು ಕಡಿಮೆ.

ಎಣ್ಣೆಯ ಬಗ್ಗೆ ಎರಡು ಮಾತು. ಬ್ರೇಕ್ ಆಯಿಲ್ ಗಾಳಿಯಲ್ಲಿನ ನೀರನ್ನು ಹೀರುತ್ತದೆ. ಡಾಟ್ 3 ಎಂಬ ಎಣ್ಣೆ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಕುದ್ದರೆ ಆವಿ, ಆವಿಯೆಂದರೆ ಮತ್ತೆ ಮೆತ್ತನೆಯ ಪೆಡಲ್. ಕಳೆದ ಮಳೆಗಾಲದಲ್ಲಿ ಒಡೆದು ಅರ್ಧ ಉಳಿಸಿದ ಬಾಟಲಿಯ ಎಣ್ಣೆ ಹಾಕಬೇಡಿ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ ಉಕ್ಕಿ ಜಮಖಂಡಿ, ಮುಧೋಳ ತಾಲೂಕುಗಳ ಹಳ್ಳಿಗಳು ಮುಳುಗಿದಾಗ ಎಷ್ಟೋ ಗಾಡಿಗಳೂ ನೀರಲ್ಲಿ ನಿಂತವು. ಅಂಥ ಗಾಡಿಯನ್ನು ಕೊಂಡಿದ್ದರೆ ಏರ್ ತೆಗೆದರೆ ಸಾಲದು, ಎಣ್ಣೆಯನ್ನೇ ಪೂರ್ತಿ ಬದಲಿಸಬೇಕು, ಡ್ರಮ್ ಬಿಚ್ಚಿ ವೀಲ್ ಸಿಲಿಂಡರ್ ನೋಡಬೇಕು. ನಿಪ್ಪಲ್ ತುಕ್ಕುಹಿಡಿದು ಜಗ್ಗದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಇರಲಿ. ಮರುದಿನ ಮೊದಲು ತುಸು ಬಿಗಿಯುವ ದಿಕ್ಕಿಗೆ ಅಲುಗಿಸಿ ಆಮೇಲೆ ಬಿಚ್ಚಿ. ಬಾಯಿ ತೆರೆದ ಪಾನಾ ಹಾಕಿದರೆ ಅದರ ಮೂಲೆಗಳು ಉರುಟಾಗಿ ಹೋಗುತ್ತವೆ. ಎಣ್ಣೆ ಬಣ್ಣದ ಮೇಲೆ ಬಿದ್ದರೆ ತಕ್ಷಣ ನೀರು ಸುರಿಯಿರಿ, ಇಲ್ಲದಿದ್ದರೆ ಪೇಂಟ್ ಸುಲಿದು ಬರುತ್ತದೆ. ಎಂಜಿನ್ ಆಯಿಲಂತೂ ಒಂದು ಹನಿಯೂ ಆ ಡಬ್ಬಿಗೆ ಹೋಗಬಾರದು, ಒಳಗಿನ ರಬ್ಬರೆಲ್ಲ ಉಬ್ಬಿ ಕೆಡುತ್ತದೆ.

ಬ್ರೇಕಿನಿಂದ ಆಚೆ ಬಂದರೂ ಪೆಡಲ್ ಹಿಡಿದಿರುವವರು ಬೇಕೆನ್ನಿಸುವ ಸಂದರ್ಭ ಬಹಳ. ಅದಕ್ಕೆ ಒಂದು ಗಟ್ಟಿ ಕೋಲು ಕಡಿದಿಟ್ಟುಕೊಳ್ಳಿ. ಸೀಟನ್ನು ಹಿಂದೆ ಸರಿಸಿ, ಕೋಲಿನ ಒಂದು ತುದಿ ಪೆಡಲಿಗೆ, ಇನ್ನೊಂದು ಸೀಟಿನ ಅಂಚಿಗೆ ಆನಿಸಿ, ಸೀಟನ್ನು ಒಂದು ಮನೆ ಮುಂದೆ ಸರಿಸಿದರೆ ಪೆಡಲ್ ಒತ್ತಿಕೊಂಡೇ ಇರುತ್ತದೆ. ಸೋರಿಕೆ ಹುಡುಕಲು ಹೀಗೆ ಒತ್ತಿಟ್ಟು ನಾಲ್ಕೂ ಗಾಲಿ ಸುತ್ತಿ ಬರಬಹುದು. ಮುಂದಿನ ಆಕ್ಸಲ್ಲಿನ ದೊಡ್ಡ ನಟ್ಟು ಬಿಚ್ಚುವಾಗ ಗಾಲಿ ತಿರುಗದಂತೆ ಹಿಡಿಯುವುದೂ ಇದೇ ಕೋಲು. ಆ ನಟ್ಟನ್ನು ಗಾಡಿ ನೆಲದ ಮೇಲಿರುವಾಗಲೇ ಸಡಿಲಿಸಿ, ಜಾಕ್ ಮೇಲೆ ನಿಂತ ಗಾಡಿಗೆ ಉದ್ದ ಪೈಪು ಹಾಕಿ ಜಗ್ಗಬಾರದು. ಇನ್ನೊಂದು ಉಪಯೋಗ ಎಷ್ಟೋ ಮಂದಿಗೆ ಗೊತ್ತಿಲ್ಲ. ಬ್ರೇಕ್ ಹೋಸ್ ಬದಲಿಸುವಾಗ ಪೆಡಲ್ಲನ್ನು ಸ್ವಲ್ಪವೇ ಒತ್ತಿ ನಿಲ್ಲಿಸಿದರೆ ಮಾಸ್ಟರ್ ಸಿಲಿಂಡರಿನ ರಂಧ್ರ ಮುಚ್ಚಿಕೊಂಡು, ಬಿಚ್ಚಿದ ಬಾಯಿಂದ ಡಬ್ಬಿಯ ಎಣ್ಣೆಯೆಲ್ಲ ಸುರಿದುಹೋಗುವುದು ನಿಲ್ಲುತ್ತದೆ. ಕೋಲು ಇಟ್ಟಷ್ಟು ಹೊತ್ತೂ ಬ್ರೇಕ್ ಲೈಟು ಉರಿಯುತ್ತಿರುತ್ತದೆ, ಬ್ಯಾಟರಿಯ ಒಂದು ತುದಿ ಕಳಚಿಡಿ.

ಎರಡು ಕಡೆ ಪಾನಾ ಬೇಕಾಗುವ ಬೋಲ್ಟುಗಳು ಇನ್ನೊಂದು ತಲೆನೋವು. ಈ ಕಡೆ ತಿರುಗಿಸಿದರೆ ಆ ಕಡೆಯ ನಟ್ಟೂ ಜೊತೆಗೇ ಸುತ್ತುತ್ತದೆ. ನಟ್ಟಿಗೆ ರಿಂಗ್ ಪಾನಾ ಹಾಕಿ, ತಿರುಗುವ ದಿಕ್ಕಿನಲ್ಲಿ ಅದರ ಹಿಡಿಕೆ ಚಾಸಿಗೋ ಗಟ್ಟಿಯಾದ ಬ್ರ್ಯಾಕೆಟ್ಟಿಗೋ ಆನಿಕೊಳ್ಳುವಂತೆ ಬಿಡಿ. ಬ್ರೇಕ್ ಪೈಪು, ವೈರುಗಳಿಗೆ ಆನಿಸಬೇಡಿ. ಪಾನಾ ಬೀಳುತ್ತಿದ್ದರೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಟ್ಟಿ. ಕೈ ಹೋಗದ ಸಂದಿಯಲ್ಲಿ ನಟ್ಟು ಕೂರಿಸುವಾಗ ಸಾಕೆಟ್ಟಿನೊಳಗೆ ಚೂರು ಗ್ರೀಸ್ ಮೆತ್ತಿದರೆ ಅದು ಬೀಳುವುದಿಲ್ಲ. ಬಿದ್ದದ್ದನ್ನು ಎತ್ತಲು ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಕಡ್ಡಿಗೆ ಕಟ್ಟಿಟ್ಟುಕೊಳ್ಳಿ.

ಭಾರದ ಭಾಗಗಳಿಗೆ ಬರೋಣ. ಕಬ್ಬು ನುರಿಸುವ ಹಂಗಾಮಿನಲ್ಲಿ ಮುಧೋಳ, ಜಮಖಂಡಿಯ ರಸ್ತೆಗಳಲ್ಲಿ ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರ್ ಡ್ರೈವರುಗಳನ್ನು ನೋಡಿ. ಟ್ರಾಲಿ ಕಳಚುವಾಗ ಅವರು ಮೊದಲು ಪಿನ್ನಿಗೆ ಕೈ ಹಾಕುವುದಿಲ್ಲ. ಅದರ ಮೂಕಿಯ ಕೆಳಗೆ ಕಲ್ಲೋ ಕಟ್ಟಿಗೆಯೋ ಕೊಟ್ಟು, ಅದು ಇದ್ದ ಎತ್ತರದಲ್ಲೇ ನಿಲ್ಲುವ ಹಾಗೆ ಮಾಡಿ ಆಮೇಲೆ ಪಿನ್ ಎಳೆಯುತ್ತಾರೆ. ತಿರುಗಿ ಕಟ್ಟುವಾಗ ಎತ್ತುವ ಪ್ರಸಂಗವೇ ಬರುವುದಿಲ್ಲ, ಒಬ್ಬನೇ ರಿವರ್ಸ್ ಬಂದು ಪಿನ್ ಹಾಕಿಕೊಂಡು ಹೋಗುತ್ತಾನೆ. (ಗಾಲಿಗೆ ಕೊಟ್ಟ ಕಲ್ಲನ್ನು ಕತ್ತಲಲ್ಲಿ ರಸ್ತೆ ನಡುವೆಯೇ ಬಿಟ್ಟುಹೋಗುವ ಅವರ ಇನ್ನೊಂದು ಅಭ್ಯಾಸವನ್ನು ಮಾತ್ರ ಕಲಿಯಬೇಡಿ, ಹಿಂದೆ ಬರುವ ಬೈಕಿನವನ ಜೀವ ಹೋಗುತ್ತದೆ.) ಕಾರಿನಲ್ಲೂ ಇದೇ ನಡೆಯುತ್ತದೆ. ಬೋಲ್ಟು ಬಿಚ್ಚುವ ಮೊದಲೇ ಭಾರಕ್ಕೆ ಆಸರೆ ಕೊಡಬೇಕು. ಸೈಲೆನ್ಸರ್ ಬಿಚ್ಚುವ ಮೊದಲು ಎರಡು ಕಡೆ ತಂತಿಯ ಜೋಲಿ ಕಟ್ಟಿ, ಬಿಚ್ಚಿದ ಮೇಲೆ ಅದು ಜೋಲಿಯಲ್ಲೇ ಕೂತಿರುತ್ತದೆ. ಬಂಪರೂ ಹಾಗೆಯೇ. ಬಾನೆಟ್ ತೆಗೆಯುವಾಗ ಕಬ್ಜಾದ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ಗಾಜಿನ ಮೇಲೆ ಹಳೆಯ ಕೌದಿ ಹಾಸಿ, ಮುಂದಿನ ತುದಿಯನ್ನು ಮೇಲಿನ ಕೊಂಡಿಗೆ ಹಗ್ಗದಿಂದ ಕಟ್ಟಿಕೊಂಡರೆ ಒಬ್ಬರಿಂದಲೇ ಆಗುತ್ತದೆ. ತಿರುಗಿ ಕೂರಿಸುವಾಗ ಗೆರೆಗೆ ಗೆರೆ ಕೂಡಿದರೆ ಸಾಕು.

ಗಾಲಿ ಹಾಕುವಾಗ ಎತ್ತಿ ಹಿಡಿದು ಬೋಲ್ಟಿಗೆ ಹೊಂದಿಸುತ್ತ ನಡ ಮುರಿದುಕೊಳ್ಳುವವರಿದ್ದಾರೆ. ಗಾಡಿಯನ್ನು ಟಯರು ನೆಲ ಬಿಡುವಷ್ಟೇ ಎತ್ತಿ, ಟಯರಿನ ಕೆಳಗೆ ಟಾಮಿ ತೂರಿಸಿ ಪಾದದಿಂದ ಮೀಟಿದರೆ ಅದು ತಾನೇ ಏರುತ್ತದೆ, ಎರಡೂ ಕೈ ಖಾಲಿ ಇರುತ್ತವೆ. ಹಬ್ಬಿನಲ್ಲಿ ಸ್ಟಡ್ ಇರದೆ ಹೊರಗಿನಿಂದ ಬೋಲ್ಟ್ ಹಾಕುವ ಸ್ಕೋಡಾ, ಫೋಕ್ಸ್‌ವ್ಯಾಗನ್‌ನಂಥ ಗಾಡಿಗಳಲ್ಲಿ ಇದು ಇನ್ನೂ ಕಷ್ಟ. ಅದೇ ಆಟೆಯ ಉದ್ದ ಬೋಲ್ಟೊಂದರ ತಲೆಯನ್ನು ಲೇತಿನಲ್ಲಿ ಕೊಯ್ಯಿಸಿ, ಒಂದು ರಂಧ್ರಕ್ಕೆ ಕೈಯಿಂದ ತಿರುಗಿಸಿಟ್ಟರೆ ಗಾಲಿಯನ್ನು ಅದಕ್ಕೆ ತೂಗುಹಾಕಬಹುದು. ಉಳಿದ ಬೋಲ್ಟು ಹಾಕಿ, ಕೊನೆಗೆ ಅದನ್ನು ತೆಗೆದರಾಯಿತು.

ನೋಡಿ ಹೇಳುವವರ ಕೆಲಸ ಈಗ ತೀರ ಸುಲಭ. ಬ್ರೇಕ್ ಲೈಟು ಹತ್ತುತ್ತದೆಯೇ ಎಂದು ತಿಳಿಯಲು ಸಂಜೆ ಹೊತ್ತು ಗಾಡಿಯನ್ನು ಸುಣ್ಣದ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿದರೆ ಕೆಂಪು ಬೆಳಕು ಕನ್ನಡಿಯಲ್ಲೇ ಕಾಣುತ್ತದೆ. ಹಗಲಾದರೆ ಮೊಬೈಲನ್ನು ಹಿಂದೆ ಒಂದು ಕಲ್ಲಿಗೆ ಆನಿಸಿ ವಿಡಿಯೊ ಹಚ್ಚಿಟ್ಟು ಬನ್ನಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಎಷ್ಟು ಕುಸಿಯುತ್ತದೆ ಎಂಬುದಕ್ಕೂ ಮಲ್ಟಿಮೀಟರಿನ ಮುಂದೆ ಮೊಬೈಲ್ ಇಟ್ಟರೆ ಸಾಕು. ಎಂಜಿನ್ ಬಂದ್ ಇದ್ದು ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, ಎಂಜಿನ್ ನಡೆಯುವಾಗ 14ರ ಆಸುಪಾಸು. ವಾಲ್ವ್ ಅಂತರ ಹೊಂದಿಸುವಾಗ ಎಂಜಿನನ್ನು ಸ್ವಲ್ಪಸ್ವಲ್ಪ ತಿರುಗಿಸಲು ಒಬ್ಬರು, ನೋಡಲು ಒಬ್ಬರು ಬೇಕೆನ್ನುತ್ತಾರೆ. ಸಮತಟ್ಟು ನೆಲದಲ್ಲಿ ಪ್ಲಗ್ಗುಗಳನ್ನು ಬಿಚ್ಚಿ, ಇಗ್ನಿಷನ್ ಬಂದ್ ಮಾಡಿ, ಟಾಪ್ ಗೇರಿನಲ್ಲಿಟ್ಟು ಗಾಡಿಯನ್ನೇ ಕೈಯಿಂದ ಮುಂದಕ್ಕೆ ದೂಡಿದರೆ ಎಂಜಿನ್ ತಿರುಗುತ್ತದೆ. ಬಾನೆಟ್ಟಿನ ಪಕ್ಕ ನಿಂತವರು ನಿಂತಲ್ಲೇ ನೋಡಬಹುದು. ಆದರೆ ಹೊರಗೆ ನಿಂತು ಸ್ಟಾರ್ಟರಿಗೆ ಸ್ಕ್ರೂಡ್ರೈವರ್ ಮುಟ್ಟಿಸಿ ಎಂಜಿನ್ ಎಬ್ಬಿಸುವ ಚಾಳಿ ಬೇಡ. ಗೇರಿನಲ್ಲಿದ್ದರೆ ಗಾಡಿ ನಿಮ್ಮ ಮೇಲೆಯೇ ಬರುತ್ತದೆ, ಬ್ರೇಕ್ ಒತ್ತುವವರು ಒಳಗಿಲ್ಲ.

ಇನ್ನು ಆಗಲೇ ಮುಂದಕ್ಕೆ ಹಾಕಿದ ಮಾತು. ಗಾಡಿ ಕೆಳಗೆ ಹೋಗುವವರು ಬರೀ ಜಾಕನ್ನು ನಂಬಬಾರದು. ಹೈಡ್ರಾಲಿಕ್ ಜಾಕಿನೊಳಗೂ ಇರುವುದು ಎಣ್ಣೆ, ರಬ್ಬರೇ, ಎಣ್ಣೆಯ ಜಾತಿಯಷ್ಟೇ ಬೇರೆ. ನಿಮ್ಮ ಬ್ರೇಕಿನಲ್ಲಿ ಸೋರಿದ್ದು ಅದರಲ್ಲಿ ಸೋರುವುದಿಲ್ಲ ಎಂಬ ಭರವಸೆ ಏನು? ಎತ್ತಲು ಜಾಕು, ನಿಲ್ಲಿಸಲು ಕಬ್ಬಿಣದ ಸ್ಟ್ಯಾಂಡು. ಇಟ್ಟಿಗೆ, ಸಿಮೆಂಟ್ ಬ್ಲಾಕು ಕೊಡಲೇಬೇಡಿ, ಅವು ಬಿರುಕು ತೋರಿಸದೆ ಒಮ್ಮೆಲೇ ಪುಡಿಯಾಗುತ್ತವೆ. ನಮ್ಮ ಎರೆಭೂಮಿಯಲ್ಲಿ ಮಳೆ ಬಿದ್ದ ಮೇಲೆ ಸ್ಟ್ಯಾಂಡಿನ ಕಾಲು ಒಂದೊಂದೇ ಹುಗಿದು ಗಾಡಿ ವಾಲುತ್ತದೆ. ಬೀಳಗಿಯ ಕಡೆ ಹೊಲದ ದಾರಿಯಲ್ಲಿ ಕೆಟ್ಟು ನಿಂತರೆ ಜಾಕಿನ ಕೆಳಗೆ ಒಂದು ಅಡಿ ಚೌಕದ ದಪ್ಪ ಹಲಗೆ ಇಲ್ಲದೆ ಕೈಹಾಕಬೇಡಿ. ಅಂಗಳದಲ್ಲಿ ಹಾಸಿದ ಫರಸಿ ಕಲ್ಲೂ ಭರವಸೆಯದಲ್ಲ, ಕೆಳಗೆ ಟೊಳ್ಳಿದ್ದರೆ ನಡುವೆ ಮುರಿಯುತ್ತದೆ. ಬಿಚ್ಚಿದ ಗಾಲಿಯನ್ನು ಗೋಡೆಗೆ ಒರಗಿಸುವ ಬದಲು ಗಾಡಿಯ ಅಂಚಿನ ಕೆಳಗೆ ಮಲಗಿಸಿ ತಳ್ಳಿ. ಎಲ್ಲ ಜಾರಿದರೂ ಅದರ ಮೇಲೆ ನಿಲ್ಲುತ್ತದೆ, ನಿಮ್ಮ ಎದೆಯ ಮೇಲೆ ಅಲ್ಲ.

ಇಷ್ಟಾದರೂ ಏನಾದರೂ ಆದರೆ ಕೂಗಬೇಕು, ಬೇರೆ ಊರಿನಲ್ಲಿ ಕೂಗಿದರೆ ಯಾರಾದರೂ ಬಂದಾರು. ರಬಕವಿ, ಬನಹಟ್ಟಿಯ ಓಣಿಗಳಲ್ಲಿ ಮಗ್ಗ ನಡೆಯುವಾಗ ಕೂಗು ಪಕ್ಕದ ಗೋಡೆ ದಾಟುವುದಿಲ್ಲ. ಇದು ನಿಮ್ಮ ಊರಿಗೇ ಇರುವ ಅಪಾಯ, ಯಾವ ಪುಸ್ತಕದಲ್ಲೂ ಬರೆದಿಲ್ಲ. ಗಾಡಿ ಕೆಳಗಿನ ಕೆಲಸವನ್ನು ಕರೆಂಟ್ ಹೋಗಿ ಮಗ್ಗ ನಿಂತ ಹೊತ್ತಿಗೋ ರಜೆಯ ದಿನಕ್ಕೋ ಇಟ್ಟುಕೊಳ್ಳಿ. ಮೊಬೈಲು ಪ್ಯಾಂಟಿನ ಜೇಬಿನಲ್ಲಿದ್ದರೆ ಸಿಕ್ಕಿಕೊಂಡವರ ಕೈಗೆ ಸಿಗುವುದಿಲ್ಲ, ಅಂಗಿಯ ಎದೆ ಜೇಬಿನಲ್ಲಿರಲಿ. ಮನೆಯವರಿಗೆ ಪೆಡಲ್ ಒತ್ತುವ ಕೆಲಸ ತಪ್ಪಿತಲ್ಲ, ಅದರ ಬದಲು ಅರ್ಧ ತಾಸಿಗೊಮ್ಮೆ ಬಾಗಿಲಿಗೆ ಬಂದು ‘ಅದೀರೇನ್ರಿ’ ಎಂದು ಕೇಳಲು ಹೇಳಿ. ಉತ್ತರ ಬರದಿದ್ದರೆ ಯಾರನ್ನು ಕರೆಯಬೇಕು ಎಂಬುದೂ ಅವರಿಗೆ ಗೊತ್ತಿರಲಿ.

ಕೆಲವು ಕೆಲಸಗಳಿಗೆ ನನ್ನ ಒಪ್ಪಿಗೆಯಿಲ್ಲ. ಗೇರ್‌ಬಾಕ್ಸನ್ನು ಎದೆಯ ಮೇಲೆ ಇಳಿಸಿಕೊಳ್ಳುವುದು ಸಾಹಸವೆಂದು ಹೇಳಿಕೊಳ್ಳುವವರುಂಟು. ಅದಕ್ಕೆ ಗಾಲಿಯಿರುವ ಜಾಕೂ ತಲೆ ಕೊಯ್ದ ಎರಡು ಉದ್ದ ಬೋಲ್ಟುಗಳ ದಾರಿಯೂ ಇದ್ದರೆ ಮಾತ್ರ, ಅದೂ ಇನ್ನೊಬ್ಬರು ಪಕ್ಕದಲ್ಲಿದ್ದಾಗ. ಮುಂದಿನ ಸಸ್ಪೆನ್ಷನ್ನಿನ ಸ್ಪ್ರಿಂಗನ್ನು ಹಗ್ಗ, ತಂತಿ ಕಟ್ಟಿ ಬಿಚ್ಚುವುದಂತೂ ಒಬ್ಬರಿದ್ದರೂ ಬೇಡ, ನಾಲ್ವರಿದ್ದರೂ ಬೇಡ. ತಪ್ಪಿಸಿಕೊಂಡರೆ ಅದು ಮುಖಕ್ಕೇ ಬರುತ್ತದೆ, ಸರಿಯಾದ ಕಂಪ್ರೆಸರ್ ಇರುವ ಗ್ಯಾರೇಜಿಗೆ ಒಯ್ಯಿರಿ. ಪೆಟ್ರೋಲ್ ಟ್ಯಾಂಕು, ಮುಂದಿನ ಗಾಜು ಇವೂ ಅದೇ ಸಾಲಿಗೆ. ಎಂಜಿನ್ ಎತ್ತಲು ಮಗ್ಗದ ಮನೆಯ ಜಂತಿಗೆ ಚೈನ್ ಪುಲ್ಲಿ ಕಟ್ಟುವ ಯೋಚನೆ ಬಂದರೆ, ಆ ಜಂತಿ ಹಂಚಿನ ಭಾರಕ್ಕೆ ಹಾಕಿದ್ದು, ಎಂಜಿನ್ನಿಗೆ ಹಾಕಿದ್ದಲ್ಲ ಎಂಬುದು ನೆನಪಿರಲಿ.

ಬ್ರೇಕಿನ ಕೆಲಸ ಮುಗಿದ ಮೇಲೆ ನಾಲ್ಕೂ ನಿಪ್ಪಲ್ ಬಿಗಿದು, ರಬ್ಬರ್ ಟೊಪ್ಪಿಗೆ ಹಾಕಿ, ಡಬ್ಬಿಯನ್ನು ಮೇಲಿನ ಗೆರೆಯ ತನಕ ತುಂಬಿ. ಪೆಡಲ್ ಕೆಳಗಿನ ಕಟ್ಟಿಗೆ ತುಂಡನ್ನು ತೆಗೆಯಿರಿ, ಅದು ಅಲ್ಲೇ ಉಳಿದರೆ ಬೇಕಾದಾಗ ಬ್ರೇಕ್ ಪೂರ್ತಿ ಹತ್ತಲಿಕ್ಕಿಲ್ಲ. ಎಂಜಿನ್ ಬಂದ್ ಇದ್ದಾಗ ಪೆಡಲ್ ಒತ್ತಿ ಅರ್ಧ ನಿಮಿಷ ಹಿಡಿಯಿರಿ, ಇಳಿಯಬಾರದು. ಎಂಜಿನ್ ಹಚ್ಚಿ ಇನ್ನೊಮ್ಮೆ ನೋಡಿ. ಬ್ರೇಕ್ ಬೂಸ್ಟರ್ ಇರುವ ಗಾಡಿಯಲ್ಲಿ ತುಸು ಕೆಳಗೆ ಹೋಗಿ ನಿಂತರೆ ಅದು ಸಹಜ. ಆಮೇಲೆ ಓಣಿಯಲ್ಲೇ, ನಡೆಯುವ ವೇಗದಲ್ಲಿ, ಕೈ ಹ್ಯಾಂಡ್‌ಬ್ರೇಕ್ ಮೇಲಿಟ್ಟುಕೊಂಡು ನಾಲ್ಕು ಸಲ ಹಿಡಿದು ಬಿಟ್ಟು ನೋಡಿ. ಜಮಖಂಡಿ ರಸ್ತೆಗೆ ಅವತ್ತೇ ಹೋಗಬೇಡಿ. ಗಾಡಿ ಒಂದು ರಾತ್ರಿ ನಿಲ್ಲಲಿ. ಬೆಳಗ್ಗೆ ಎದ್ದು ಡಬ್ಬಿಯ ಮಟ್ಟ ನೋಡಿ, ನಾಲ್ಕೂ ಗಾಲಿಯ ಒಳಮಗ್ಗುಲನ್ನು ಒಣ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆ ಹಸಿಯಾದರೆ ಆ ನಿಪ್ಪಲ್ಲನ್ನು ಇನ್ನು ತುಸುವೇ ಬಿಗಿಯಿರಿ. ಹೆಚ್ಚು ಜೋರು ಹಾಕಿದರೆ ಅದು ಒಳಗೇ ಮುರಿದು ಕೂರುತ್ತದೆ. ಆಮೇಲೂ ಹಸಿಯಾಗುತ್ತಿದ್ದರೆ ಹೊಸ ನಿಪ್ಪಲ್ ತಂದು ಹಾಕಿ, ಅಲ್ಲಿಯ ತನಕ ಬಸ್ಸಿನಲ್ಲಿ ಓಡಾಡಿ.